ನಕ್ಷೆಯ ಜೊತೆಗೆ ನಾಯ್ಸ್ ಗ್ರಾಫೂ ಇರಲಿ

ಪುತ್ತೂರು, ಸುಳ್ಯ, ಕಡಬದ ಕಾಲೇಜುಗಳಿಂದ ಬಂದಿರುವ ಅಧ್ಯಾಪಕ ಮಿತ್ರರೇ, ಲ್ಯಾಬ್ ಸಹಾಯಕರೇ, ವಿದ್ಯಾರ್ಥಿಗಳೇ,

ಕಾನ್‌ಸ್ಟಂಟ್ ಕರೆಂಟ್ ಸೋರ್ಸ್ ಏನು ಮಾಡುತ್ತದೆಂದು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಗುಡ್ಡದ ಇಳಿಜಾರಿನ ಅಡಿಕೆ ತೋಟಕ್ಕೆ ಪ್ರೆಶರ್ ಕಂಪೆನ್ಸೇಟಿಂಗ್ ಡ್ರಿಪ್ಪರ್ ಹಾಕಿಸಿದವರು ಬಲ್ಲರು: ಪೈಪಿನ ಒತ್ತಡ ಮೇಲೆ ಕಡಿಮೆ, ಕೆಳಗೆ ಹೆಚ್ಚಿದ್ದರೂ ಪ್ರತಿ ಬುಡಕ್ಕೂ ಅಷ್ಟಷ್ಟೇ ನೀರು. ಫೋರ್ ಪ್ರೋಬ್ ಪ್ರಯೋಗದ ಜರ್ಮೇನಿಯಂ ತುಂಡಿಗೂ ಅಂಥದೇ ಕರೆಂಟು ಬೇಕು. ಅಲ್ಲಿ ಕೊಂಚ ಏರುಪೇರಾದರೆ ರೆಕಾರ್ಡ್ ಪುಸ್ತಕದಲ್ಲಿ ಹೇಗೋ ಸರಿಹೋಗುತ್ತದೆ. ಹೇಗೆಂದು ಈ ಸಭೆಯಲ್ಲಿ ಕೇಳುವುದಿಲ್ಲ. ಲೇಸರ್ ಡಯೋಡ್ ಆ ರಿಯಾಯಿತಿ ಕೊಡದು. ಕರೆಂಟು ಒಂದು ಮೈಕ್ರೋಆಂಪಿಯರ್ ಅಲುಗಿದರೆ ಸಾಮಾನ್ಯ ಡಯೋಡಿನ ಬೆಳಕಿನ ಆವರ್ತನ ಕೆಲವು ಮೆಗಾಹರ್ಟ್ಸ್ ಸರಿಯಬಲ್ಲದು. ಆ ಬೆಳಕಿನಿಂದ ನೋಡಬೇಕಾದ ರುಬಿಡಿಯಂ ರೇಖೆಯ ಸಹಜ ಅಗಲವೇ ಸುಮಾರು 6 ಮೆಗಾಹರ್ಟ್ಸ್.

ಕೆನೆತ್ ಲಿಬ್ರೆಕ್ಟ್ ಮತ್ತು ಜಾನ್ ಹಾಲ್ 1993ರಲ್ಲಿ ಲೇಸರ್ ಡಯೋಡಿಗೆ ತಕ್ಕ ಒಂದು ಸೋರ್ಸಿನ ವಿನ್ಯಾಸ ಪ್ರಕಟಿಸಿದರು. ಹಾಲ್ 2005ರಲ್ಲಿ ನೊಬೆಲ್ ಹಂಚಿಕೊಂಡವರು. ಪತ್ರಿಕೆಗೆ ಕೊಟ್ಟ ಆ ಸರ್ಕ್ಯೂಟನ್ನು ಬೇರೆ ಬೇರೆ ಲ್ಯಾಬುಗಳು ಕಟ್ಟಿದವು, ತಿದ್ದಿದವು. 2008ರಲ್ಲಿ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದ ತಂಡ ಡಿಜಿಟಲ್ ನಿಯಂತ್ರಣ ಸೇರಿಸಿತು. ನಮ್ಮಲ್ಲೂ ದೆಹಲಿಯ ಇಂಟರ್ ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರಿನ ಎಕ್ಸ್‌ಪೈಸ್ ಎಂಬ ಪ್ರಯೋಗ ಉಪಕರಣ ಇದೆ, ಮುಕ್ತ ವಿನ್ಯಾಸದ್ದು. ಅದರ ಹದಿನೇಳರ ಆವೃತ್ತಿಯಲ್ಲಿ 1.1 ಮಿಲಿಆಂಪಿಯರ್‌ನ ಕರೆಂಟ್ ಸೋರ್ಸೂ ಉಂಟು. ಬಿಎಸ್ಸಿ ಪ್ರಯೋಗಕ್ಕೆ ಅದು ಧಾರಾಳ.

ನನ್ನ ತಕರಾರು ಒಂದೇ. ಸರ್ಕ್ಯೂಟ್ ಚಿತ್ರ ಹಂಚಿದ ಮಾತ್ರಕ್ಕೆ ವಿನ್ಯಾಸ ಮುಕ್ತವಾಗುವುದಿಲ್ಲ. ಅಳೆದ ನಾಯ್ಸ್, ಅಳೆದ ರೀತಿ, ಬೋರ್ಡಿನ ಲೇಔಟ್ ಇವೂ ಹೊರಗೆ ಬರಬೇಕು. 100 ಮಿಲಿಆಂಪಿಯರ್ ಕರೆಂಟಿನ ಶಾಟ್ ನಾಯ್ಸ್, ಒಂದು ಹರ್ಟ್ಸ್ ಬ್ಯಾಂಡ್‌ವಿಡ್ತಿನಲ್ಲಿ, ಸುಮಾರು 180 ಪಿಕೋಆಂಪಿಯರ್. ಸೆನ್ಸ್ ರೆಸಿಸ್ಟರಿನ ಉಷ್ಣ ನಾಯ್ಸ್ ಅದಕ್ಕಿಂತ ಕೆಳಗಿರಬೇಕಾದರೆ ಅದರ ಮೇಲೆ ಬೀಳುವ ವೋಲ್ಟೇಜು 50 ಮಿಲಿವೋಲ್ಟಿಗಿಂತ ಚೆನ್ನಾಗಿ ಮೇಲಿರಬೇಕು. ಬಿಸಿ ಉಳಿಸಲೆಂದು ತೀರಾ ಚಿಕ್ಕ ರೆಸಿಸ್ಟರ್ ಹಾಕಿದವರು ಸೋಲುವುದು ಇಲ್ಲೇ. ಇನ್ನು ಡಿಗ್ರಿಗೆ 50 ಪಿಪಿಎಮ್ ಬದಲಾಗುವ ರೆಸಿಸ್ಟರ್ ಹತ್ತು ಡಿಗ್ರಿ ಬಿಸಿಯಾದರೆ ಅದೇ 100 ಮಿಲಿಆಂಪಿಯರ್ 50 ಮೈಕ್ರೋಆಂಪಿಯರಿನಷ್ಟು ಜಾರುತ್ತದೆ.

ಪುಸ್ತಕದಲ್ಲಿ ಸಿಗದ ಸಂಗತಿಗಳೂ ಇವೆ. ಆಟಿಯ ತೇವಕ್ಕೆ, ಒರೆಸದೆ ಬಿಟ್ಟ ಫ್ಲಕ್ಸ್ ಇರುವ ಬೋರ್ಡಿನ ಸೋರಿಕೆಯ ರೋಧ ಒಂದು ಗಿಗಾಓಮಿಗೆ ಇಳಿದರೆ 10 ವೋಲ್ಟಿಗೆ 10 ನ್ಯಾನೋಆಂಪಿಯರ್ ಸೋರುತ್ತದೆ. ಒಂದು ಮೈಕ್ರೋಆಂಪಿಯರ್ ಸೋರ್ಸಿಗೆ ಅದು ಶೇಕಡಾ ಒಂದರ ತಪ್ಪು. ಬೇಸಿಗೆಯಲ್ಲಿ ಮುರಕಲ್ಲಿನ ಗುಡ್ಡ ಒಣಗಿ ಅರ್ತಿಂಗ್ ಸೊರಗುತ್ತದೆ, 50 ಹರ್ಟ್ಸ್‌ನ ಗುಂಯ್‌ಗುಡಿಕೆ ಒಳನುಗ್ಗುತ್ತದೆ. ಸಿಡಿಲಿನ ವಿಷಯ ನೀವೇ ನನಗೆ ಹೇಳಬೇಕು. ಮುಚ್ಚಿದ ಪೆಟ್ಟಿಗೆ ಕೊಂಡರೆ ಇವಕ್ಕೆ ಕಂಪನಿಯವರ ದಾರಿ ಕಾಯುವುದೊಂದೇ ಉಪಾಯ. ವಿನ್ಯಾಸ ಕೈಯಲ್ಲಿದ್ದರೆ ಗಾರ್ಡ್ ರಿಂಗ್ ಎಳೆಯಬಹುದು, ಲೇಪ ಹಚ್ಚಬಹುದು, ಬ್ಯಾಟರಿಗೆ ಬದಲಾಯಿಸಬಹುದು.

ಆದ್ದರಿಂದ ಮೂರೂ ತಾಲೂಕುಗಳಲ್ಲಿ ಒಂದೇ ಬೋರ್ಡನ್ನು ಕಟ್ಟೋಣ. ಏಪ್ರಿಲ್‌ನಲ್ಲೊಮ್ಮೆ, ಜುಲೈನಲ್ಲೊಮ್ಮೆ ಅಳೆದು, ಚೆನ್ನಾಗಿ ಬಾರದ ಗ್ರಾಫನ್ನೂ ಸೇರಿಸಿ ಫೈಲುಗಳನ್ನು ಹಂಚೋಣ. ಮಧ್ಯಾಹ್ನ ಬೋರ್ಡು ಕೈಗೆ ಬಂದಾಗ ಲೇಸರ್ ಜೋಡಿಸುವ ಆತುರ ಬೇಡ. 50 ಓಮಿನ ರೆಸಿಸ್ಟರಿನಿಂದ ಶುರುಮಾಡಿ, ಅದು ಸುಟ್ಟರೆ ಯಾರಿಗೂ ನಷ್ಟವಿಲ್ಲ.