ಕೆಳಗೆ ಮಳಿಗೆ, ಮೇಲೆ ಮನೆ
(ಬೆಳ್ಳಿಹಬ್ಬದ ಸಭೆಯಲ್ಲಿ ಮಾಡಿದ ಭಾಷಣ)



ಮಗ್ಗೆಯಲ್ಲಿ ಕೆಳಗೆ ಮಳಿಗೆ, ಮೇಲೆ ಮನೆ ಕಟ್ಟಬೇಕೆಂಬ ಆಸೆ ನಮ್ಮಲ್ಲಿ ಅನೇಕರಿಗಿದೆ. ಕಾಫಿ, ಮೆಣಸಿನ ಬೆಲೆ ಬಿದ್ದ ವರ್ಷವೂ ಬಾಡಿಗೆ ಕೈಹಿಡಿಯುತ್ತೆ ಎಂಬುದು ಲೆಕ್ಕ. ಲೆಕ್ಕ ಸರಿಯೇ, ನಮ್ಮ ಮಳೆ ಮಾತ್ರ ಲೆಕ್ಕಕ್ಕೆ ಸಿಗೋದಿಲ್ಲ.

ನಾವು ಬಯಲುಸೀಮೆ ಪೇಟೆಯವರನ್ನು ನೋಡಿ ಬರೀ ತಾರಸಿ ಹಾಕಿಸಿದೆವು. ಆಷಾಢದಲ್ಲಿ ಮೇಲೆ ಗೋಡೆ ಬೆವರಿತು, ಕೆಳಗೆ ಯೂರಿಯಾ ಚೀಲ ಗಟ್ಟಿಯಾಯಿತು. ಬಾಡಿಗೆಯವರು ಶ್ರಾವಣಕ್ಕೆ ಮುಂಚೆಯೇ ಖಾಲಿ ಮಾಡಿದರು. ಆಮೇಲೆ ತಾರಸಿಯ ಮೇಲೆ ಇಳಿಜಾರು ಮಾಡು ಕಟ್ಟಿ, ಮಂಗಳೂರು ಹೆಂಚು ಹೊದಿಸಿ, ಸೂರನ್ನು ಮೂರಡಿ ಮುಂದೆ ಚಾಚಿದ ಮೇಲೆಯೇ ಮನೆ ಒಣಗಿದ್ದು. ಹಿರಿಯರು ಮೊದಲೇ ಹೇಳಿದ್ದರು, ನಾವು ಕೇಳಲಿಲ್ಲ.

ಇನ್ನೊಂದು ಮಾತು. ಕೃಷಿ ಜಮೀನಾದರೆ 1964ರ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಭೂಪರಿವರ್ತನೆ ಮೊದಲು, ಪಂಚಾಯಿತಿ ಪರವಾನಗಿ ಆಮೇಲೆ, ಪಾಯ ಕೊನೆಗೆ. ಧರೆ ಕಡಿಯುವವರು ನೀರಿನ ದಾರಿ ಉಳಿಸಿ ಕಡಿಯಿರಿ. 2018ರ ಆಗಸ್ಟಿನಲ್ಲಿ ಕೊಡಗಿನಲ್ಲೂ ಶಿರಾಡಿಘಾಟಿಯಲ್ಲೂ ಗುಡ್ಡ ಜಾರಿದ್ದನ್ನು ನಾವ್ಯಾರೂ ಮರೆತಿಲ್ಲ.

ಸಂಘದ ಸಾಲದಲ್ಲಿ ಏಳುವ ಗೋಡೆ ಒಬ್ಬರದಲ್ಲ. ಜಾಮೀನು ನಿಂತವರದೂ ಹೌದು. ಆದ್ದರಿಂದ ಅವಸರ ಬೇಡ. ಒಂದು ಮಳೆಗಾಲ ಸುಮ್ಮನೆ ನಿವೇಶನದಲ್ಲಿ ನಿಂತು ನೀರು ಎಲ್ಲಿ ಹರಿಯುತ್ತೆ ನೋಡಿ, ಆಮೇಲೆ ದಾರ ಹಿಡಿಸಿ.