ಸರ್ವೆಗೆ ಬಂದ ಮಕ್ಕಳಿಗೆ ನೀವೇ ಟೀಚರ್
(ಜಿಗಣಿಯಲ್ಲಿ ನಡೆದ ಸ್ವ-ಸಹಾಯ ಸಂಘಗಳ ಸಭೆಯಲ್ಲಿ ಕಾಲೇಜು ಅಧ್ಯಾಪಕಿಯೊಬ್ಬರು ಮಾಡಿದ ಭಾಷಣ)



ನಿಮಗೆ ಭಾನುವಾರ ಒಂದೇ ರಜೆ. ಬಟ್ಟೆ ಒಗೆಯೋದು, ರೇಷನ್ ತರೋದು ಎಲ್ಲ ಬಿಟ್ಟು ಬಂದಿದ್ದೀರಿ. ಬೇಗ ಮುಗಿಸುತ್ತೇನೆ.

ಕಾಲೇಜು ಮಕ್ಕಳು ಕಾಗದ ಹಿಡಿದುಕೊಂಡು ನಿಮ್ಮ ಮನೆಗೆ ಬಂದಿರುತ್ತಾರೆ. ಎಷ್ಟು ಜನ ಇದ್ದೀರಿ, ಶೌಚಾಲಯ ಇದೆಯಾ, ಬಿಪಿ ಇದೆಯಾ ಅಂತ ಬರೆದುಕೊಂಡು ಹೋಗುತ್ತಾರೆ. ಆ ಕಾಗದ ಆಮೇಲೆ ಏನಾಯಿತು ಅಂತ ನಿಮಗೆ ಯಾರೂ ಹೇಳಿರುವುದಿಲ್ಲ. ನಾನೂ ಹಾಗೆ ಮಕ್ಕಳನ್ನು ಕಳಿಸಿದವಳೇ, ಒಪ್ಪಿಕೊಳ್ಳುತ್ತೇನೆ.

ಸಮುದಾಯದೊಳಗೆ ಹೋಗಿ ಕಲಿಯುವುದು ನಮ್ಮ ಕಡೆ ಹೊಸದಲ್ಲ. 1963ರಲ್ಲಿ ಶುರುವಾದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ವಿದ್ಯಾರ್ಥಿಗಳು ಸರ್ಜಾಪುರದ ಹತ್ತಿರದ ಮುಗಳೂರಿಗೆ ಬಂದು ಹಳ್ಳಿಯ ಆರೋಗ್ಯ ಕಲಿಯುತ್ತಾರೆ. ಅದೇ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಡಾ. ರವಿ ನಾರಾಯಣ್, ಡಾ. ಥೆಲ್ಮಾ ನಾರಾಯಣ್ ದಂಪತಿ 1984ರಲ್ಲಿ ಹೊರಬಂದು ಕಮ್ಯುನಿಟಿ ಹೆಲ್ತ್ ಸೆಲ್ ಆರಂಭಿಸಿದರು. 1999ರಲ್ಲಿ ರಾಜ್ಯ ಸರ್ಕಾರ ಡಾ. ಹೆಚ್. ಸುದರ್ಶನ್ ಅಧ್ಯಕ್ಷತೆಯಲ್ಲಿ ಆರೋಗ್ಯ ಕಾರ್ಯಪಡೆ ನೇಮಿಸಿದಾಗ ಡಾ. ಥೆಲ್ಮಾ ಅದರ ಸದಸ್ಯೆಯಾಗಿದ್ದರು. 2001ರ ಅದರ ವರದಿ ಇಲಾಖೆಯೊಳಗಿನ ಭ್ರಷ್ಟಾಚಾರದ ಮಾತನ್ನೂ ಮುಚ್ಚಿಡಲಿಲ್ಲ. 2004ರಲ್ಲಿ ರಾಜ್ಯದ ಸಮಗ್ರ ಆರೋಗ್ಯ ನೀತಿ ಬಂತು. ಹಳ್ಳಿಯಲ್ಲಿ ಕಂಡದ್ದನ್ನು ವಿಧಾನಸೌಧದವರೆಗೆ ಒಯ್ಯಬಹುದು ಅನ್ನೋದಕ್ಕೆ ಇದನ್ನು ಹೇಳಿದೆ.

ನೀತಿ ಅಂದ್ರೆ ದೊಡ್ಡ ಮಾತು ಅಂತ ಹೆದರಬೇಡಿ. ಆಸ್ಪತ್ರೆ ಬಾಗಿಲ ಮೇಲಿನ ಸಮಯದ ಬೋರ್ಡು ಇದೆಯಲ್ಲ, ಅದೂ ನೀತಿಯೇ.

ಇದನ್ನು ನನಗೆ ಕಲಿಸಿದ್ದು ಇಲ್ಲೇ ಹತ್ತಿರದ ವಠಾರದ ಒಬ್ಬ ಅಕ್ಕ. ಬಿಪಿ ಮಾತ್ರೆ ನಿಲ್ಲಿಸಿಬಿಟ್ಟಿದ್ದರು. ನನ್ನ ವಿದ್ಯಾರ್ಥಿನಿ ಕಾಗದದಲ್ಲಿ "ಅರಿವಿನ ಕೊರತೆ" ಅಂತ ಬರೆದಳು. ಏನು ಬರೆದೆಯಮ್ಮಾ ಅಂತ ಅಕ್ಕ ಕೇಳಿದರು. ಓದಿ ಹೇಳಿದಾಗ ಸಿಟ್ಟಾದರು. "ಅರಿವು ಇದೆ ಕಣಮ್ಮ. ನಾನು ಫ್ಯಾಕ್ಟರಿ ಬಿಡೋ ಹೊತ್ತಿಗೆ ಆಸ್ಪತ್ರೆ ಮುಚ್ಚಿರುತ್ತೆ. ರಜೆ ಹಾಕಿದ್ರೆ ಆ ದಿನದ ಸಂಬಳ ಯಾರು ಕೊಡ್ತಾರೆ?" ಆ ಹುಡುಗಿ ತಲೆ ತಗ್ಗಿಸಿ ಬರೆದದ್ದನ್ನು ಹೊಡೆದುಹಾಕಿದಳು. ಇಡೀ ವರ್ಷದ ನನ್ನ ಪಾಠಕ್ಕಿಂತ ಆ ಒಂದು ಮಾತು ಹೆಚ್ಚು ಕಲಿಸಿತು.

ಮಕ್ಕಳೇ ಕೂತು ಅರ್ಜಿ ಬರೆದರು. ವಾರಕ್ಕೆ ಎರಡು ಸಂಜೆಯಾದರೂ ಬಿಪಿ, ಶುಗರ್ ನೋಡಿ ಮಾತ್ರೆ ಕೊಡಬೇಕು ಅಂತ. ಕಚೇರಿಯಲ್ಲಿ ಕೇಳಿದ ಮೊದಲ ಪ್ರಶ್ನೆ: "ನೀವು ಇಲ್ಲಿನವರಾ?" ನ್ಯಾಯವಾದ ಪ್ರಶ್ನೆಯೇ. ಸೆಮಿಸ್ಟರ್ ಮುಗಿದರೆ ಮಕ್ಕಳು ಹೊರಟುಹೋಗುತ್ತಾರೆ, ಅರ್ಜಿಯ ಹಿಂದೆ ಓಡಾಡೋರು ಯಾರು? ಆಗ ಸಂಘದ ನೆನಪಾಯಿತು. ಬ್ಯಾಂಕ್ ಸಾಲಕ್ಕೆ ಠರಾವು ಬರೆಯೋದು ನಿಮಗೆ ಗೊತ್ತು. ಅದೇ ಪುಸ್ತಕದಲ್ಲಿ ಇದಕ್ಕೂ ಒಂದು ಠರಾವು ಬರೆದು, ಸಹಿ ಹಾಕಿ, ಪ್ರತಿ ಕೊಟ್ಟು ಸ್ವೀಕೃತಿ ಪಡೆದರು. ಉತ್ತರ ಇನ್ನೂ ಬಂದಿಲ್ಲ. ಎರಡನೇ ಅರ್ಜಿ ಸಿದ್ಧವಾಗಿದೆ.

ಇಎಸ್‌ಐ ವಿಷಯವೂ ಹೀಗೇ. 2019ರ ಜುಲೈನಲ್ಲಿ ಕಾರ್ಮಿಕರ ಪಾಲನ್ನು ಸಂಬಳದ ಶೇ. 0.75ಕ್ಕೆ ಇಳಿಸಿದರು. ಆ ಲೆಕ್ಕದಲ್ಲಿ 12,000 ರೂಪಾಯಿಗೆ ನಿಮ್ಮದು 90 ರೂಪಾಯಿ, ಮಾಲೀಕರದು ಶೇ. 3.25, ಅಂದರೆ 390. ಹಣ ಹಿಡಿದಿದ್ದಾರೆ, ಕಾರ್ಡ್ ಕೈಗೆ ಬಂದಿಲ್ಲ ಅನ್ನೋರು ಇಲ್ಲಿ ಎಷ್ಟು ಮಂದಿ? ಕೈ ಎತ್ತಿ. ನೋಡಿ, ಇದನ್ನು ಎಣಿಸಿ ಪಟ್ಟಿ ಮಾಡೋದೇ ಮಕ್ಕಳ ಮುಂದಿನ ಪಾಠ.

ನಮ್ಮ ಹೊಸ ತಂಡ ಮುಂದಿನ ತಿಂಗಳು ಬರುತ್ತದೆ. ಬಂದವರನ್ನು ಕೂರಿಸಿ, ನೀರು ಕೊಡಿ, ಆಮೇಲೆ ಮೂರು ಮಾತು ಕೇಳಿ: ಏನು ಬರೆದಿರಿ, ಓದಿ ಹೇಳಿ, ಯಾರಿಗೆ ಕೊಡುತ್ತೀರಿ, ನಮ್ಮ ಸಂಘಕ್ಕೆ ಪ್ರತಿ ಯಾವತ್ತು ತರುತ್ತೀರಿ. ಉತ್ತರ ಕೊಡದಿದ್ದರೆ ಹೆಸರು ಹೇಳಬೇಡಿ, ನನಗೆ ಹೇಳಿಕಳಿಸಿ. ಹಾಗೇ ಮುಂದಿನ ಸಭೆಗೆ ಸಂಬಳದ ಚೀಟಿ ತನ್ನಿ. ಶಿಫ್ಟ್ ಎಷ್ಟು ಹೊತ್ತಿಗೆ ಬಿಡುತ್ತೆ ಅಂತ ಅದರ ಹಿಂದೆ ಬರೆದಿರಲಿ.