ತಿಂಗಳ ರಾತ್ರಿಯೂಟಕ್ಕೆ ಒಂದು ಲೆಕ್ಕ

(ಸಂಘದ ರಜತ ಮಹೋತ್ಸವದ ಮಹಿಳಾ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದಿಂದ ನಮ್ಮ ಸಂಘ ಹಾಲಿನ ಲೆಕ್ಕ ಇಟ್ಟಿದೆ. ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು, ಹಿಂಡಿ ಬಾಬ್ತು ಎಷ್ಟು ಕಡಿತ, ಎಲ್ಲಾ ಪುಸ್ತಕದಲ್ಲಿದೆ. ಆದರೆ ಬಟವಾಡೆ ಹಣ ಮನೆ ಸೇರಿದ ಮೇಲೆ ಅದಕ್ಕೆ ಪುಸ್ತಕವಿಲ್ಲ. ಅದರಲ್ಲಿ ದೊಡ್ಡ ಪಾಲು ಅಡಿಗೆ ಮನೆಗೇ ಹೋಗುತ್ತದೆ. ಆದ್ದರಿಂದ ಒಂದು ತಿಂಗಳ ರಾತ್ರಿಯೂಟವನ್ನು ಮೊದಲೇ ಗೊತ್ತುಮಾಡಿಕೊಳ್ಳುವ ವಿಚಾರವಾಗಿ ನಾವು ನಾಲ್ಕು ಮಾತು ಹೇಳಬೇಕೆಂದಿದ್ದೇವೆ.

"ಇದೇನವ್ವ, ಎಸರು ಕಾಯಿಸೋಕೂ ಯೋಜನೆ ಬೇಕಾ?" ಅಂತ ಕೆಲವರು ನಗಬಹುದು. ನಮ್ಮ ಸಂಜೆ ಹೇಗಿರುತ್ತೆ ನೋಡಿ. ಹೊಲಗದ್ದೆಯಿಂದ ಬರೋದು, ಹಸುವಿಗೆ ಮೇವು ಹಾಕೋದು, ಹಾಲು ಕರೆದು ಡೇರಿಗೆ ಓಡೋದು. ವಾಪಸು ಬಂದು ಒಲೆ ಮುಂದೆ ನಿಂತಾಗ ಕಾಳು ನೆನೆಸಿರಲ್ಲ, ಸೊಪ್ಪು ಬಿಡಿಸಿರಲ್ಲ. ಹುಡುಗನನ್ನು ಅಂಗಡಿಗೆ ಓಡಿಸ್ತೀವಿ. ಕಾಲು ಕೆ.ಜಿ. ಬೇಳೆ, ಒಂದು ಪಾಕೀಟು ಸಾರಿನ ಪುಡಿ, ಹೋದ ತಪ್ಪಿಗೆ ಅವನಿಗೊಂದು ಕುರುಕಲು ತಿಂಡಿ. ಎಲ್ಲಾ ಉದ್ರಿ. ಹೀಗೆ ದಿನಕ್ಕೆ 30 ರೂಪಾಯಿ ಹೆಚ್ಚಿಗೆ ಹೋಗುತ್ತೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 900, ವರ್ಷಕ್ಕೆ 10,800 ರೂಪಾಯಿ ಆಯಿತು. ದಿನಕ್ಕೆ ಅರ್ಧ ಗಂಟೆ ಉಳಿಸಿದರೆ ತಿಂಗಳಿಗೆ 15 ಗಂಟೆ. ಅಷ್ಟು ಹೊತ್ತು ನಮ್ಮ ಹೆಂಗಸರು ಕಾಲು ನೀಡಿ ಕೂತಿದ್ದನ್ನು ಯಾರಾದರೂ ನೋಡಿದ್ದೀರಾ?

ತಿಂಗಳಿಗೆ ಮೂವತ್ತು ಬಗೆ ಅಡಿಗೆ ಹುಡುಕುವುದೇನೂ ಬೇಡ. ವಾರದ ಏಳು ರಾತ್ರಿ ಗೊತ್ತುಮಾಡಿದರೆ ನಾಲ್ಕು ವಾರ ಅದೇ ಸುತ್ತು. ಮಿಕ್ಕ ಎರಡು ದಿನ ನೆಂಟರಿಗೆ, ಹಬ್ಬಕ್ಕೆ. ನಾವು ಹಾಕಿಕೊಂಡಿರುವ ಪಟ್ಟಿ ಹೀಗಿದೆ:

ಸೋಮವಾರ – ಉಪ್ಸಾರು, ಖಾರ
ಮಂಗಳವಾರ – ತರಕಾರಿ ಹಾಕಿದ ಬೇಳೆ ಸಾರು
ಬುಧವಾರ – ಮೊಳಕೆ ಹುರುಳಿಕಾಳಿನ ಸಾರು
ಗುರುವಾರ – ಬಸ್ಸಾರು, ಪಲ್ಯ
ಶುಕ್ರವಾರ – ಮಸ್ಸೊಪ್ಪು
ಶನಿವಾರ – ಅಲಸಂದೆ, ಕಾಲ ಬಂದಾಗ ಅವರೆಕಾಳು
ಭಾನುವಾರ – ಮೊಟ್ಟೆ ಇಲ್ಲವೇ ಬಾಡು. ತಿನ್ನದವರಿಗೆ ಮಜ್ಜಿಗೆ ಹುಳಿ

ಹಿಟ್ಟು, ಅನ್ನ ಹೇಗೂ ಇದ್ದೇ ಇರುತ್ತೆ. ಪಟ್ಟಿಯಿಂದ ಆಗುವ ಉಪಕಾರವೆಂದರೆ ನಾಳೆಯ ಕೆಲಸ ಇವತ್ತೇ ಕಾಣುತ್ತೆ. ಸೋಮವಾರ ಬೆಳಿಗ್ಗೆ ಹುರುಳಿ ನೆನೆಹಾಕಿ ರಾತ್ರಿ ಬಟ್ಟೆಯಲ್ಲಿ ಕಟ್ಟಿಟ್ಟರೆ ಬುಧವಾರಕ್ಕೆ ಮೊಳಕೆ ಸಿದ್ಧ. ಬೇರೆ ಕಾಳಾದರೆ ಹಿಂದಿನ ರಾತ್ರಿ ನೆನೆಸಿದರೆ ಸಾಕು, ಬೇಗ ಬೇಯುತ್ತೆ, ಗ್ಯಾಸೂ ಉಳಿಯುತ್ತೆ. ನಮ್ಮ ಹಿರಿಯರ ಬಸ್ಸಾರನ್ನೇ ನೋಡಿ. ಕಾಳು ಸೊಪ್ಪು ಒಂದೇ ಸಲ ಬೇಯಿಸಿ, ಬಸಿದ ಕಟ್ಟಿನಿಂದ ಸಾರು, ಉಳಿದದ್ದರಿಂದ ಪಲ್ಯ. ಒಂದು ಉರಿ, ಎರಡು ಅಡಿಗೆ. ಉಳಿತಾಯವನ್ನು ನಾವು ಹೊರಗಿನಿಂದ ಕಲಿಯಬೇಕಾಗಿಲ್ಲ.

ಊರಿನ ನೆಲ ನೋಡಿಕೊಂಡು ಪಟ್ಟಿ ಬದಲಾಗಬೇಕು. ಶ್ರೀರಂಗಪಟ್ಟಣ, ಪಾಂಡವಪುರದ ನಾಲೆ ಬಯಲಿನಲ್ಲಿ ಭತ್ತ, ಕಬ್ಬು ಇದೆ. ರಾಗಿ, ಕಾಳು ಕೊಂಡು ತರಬೇಕು. ನಾಗಮಂಗಲ, ಕೆ.ಆರ್.ಪೇಟೆಯ ಬೆದ್ದಲಿನಲ್ಲಿ ರಾಗಿ, ಹುರುಳಿ, ಅವರೆ, ತೆಂಗು ಇದೆ, ಅಕ್ಕಿ ತರಬೇಕು. ನಾಲ್ಕೂ ತಾಲ್ಲೂಕಿಗೆ ಹೆಣ್ಣು ಕೊಟ್ಟು ತಂದವರು ನಾವು. ಸುಗ್ಗಿಯಲ್ಲಿ ಬೀಗರ ಮನೆಯಿಂದಲೇ ನಾಲ್ಕು ತಿಂಗಳ ರಾಗಿ, ಕಾಳು ಕೊಂಡಿಟ್ಟುಕೊಂಡರೆ ಚಿಲ್ಲರೆ ರೇಟು ತಪ್ಪುತ್ತೆ. 2023ರಲ್ಲಿ ಮಳೆ ಕೈಕೊಟ್ಟು ಕನ್ನಂಬಾಡಿ ಕಟ್ಟೆ ತನ್ನ 124.80 ಅಡಿ ಮಟ್ಟ ಮುಟ್ಟಲಿಲ್ಲ. ಅಂಥ ವರ್ಷ ಮನೆ ನಡೆಸುವುದು ಹಸುವಿನ ಕೆಚ್ಚಲು ಮತ್ತು ಗುಡಾಣದಲ್ಲಿರುವ ಕಾಳು.

ಅಕ್ಕಿ ಸಿಗುತ್ತೆ ಅಂತ ರಾಗಿ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಅಕ್ಕಿಯಲ್ಲಿ ಹತ್ತರ ಆಸುಪಾಸು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿತು. ಅದಕ್ಕೆ ಎಷ್ಟೋ ಮೊದಲೇ ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಅಂಥ ಜಿಲ್ಲೆಯ ಮಕ್ಕಳು ಮುದ್ದೆ ಕಂಡರೆ ಮೂತಿ ತಿರುಗಿಸುವಂತಾಗಬಾರದು.

ಈಗ ಸ್ವಲ್ಪ ಖಾರವಾದ ಮಾತು. ಉಳಿತಾಯ ಅಂದಾಕ್ಷಣ ಮನೆಯಲ್ಲಿ ಕಡಿಮೆಯಾಗುವುದು ಯಾರ ತಟ್ಟೆ? ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವವಳ ತಟ್ಟೆ. ಪಟ್ಟಿ ಬರೆಯುವಾಗ ಮನೆಯಲ್ಲಿ ಆರು ಜನ ಇದ್ದರೆ ಆರು ಮುದ್ದೆ ಅಂತ ಬರೆಯಿರಿ, ಐದೂವರೆ ಅಂತ ಬೇಡ. ಹಾಗೆಯೇ ಲೀಟರು ಹೆಚ್ಚಲಿ ಅಂತ ಎಲ್ಲಾ ಹಾಲನ್ನೂ ಕ್ಯಾನಿಗೆ ಸುರಿದು ಮಕ್ಕಳಿಗೆ ಕರಿ ಟೀ ಕೊಡುವ ಮನೆಗಳಿವೆ. ಹಾಲಿನ ಸಂಘದ ವೇದಿಕೆಯಲ್ಲೇ ನಿಂತು ಹೇಳ್ತೀವಿ, ಮಕ್ಕಳ ಲೋಟ ಮೊದಲು ಎತ್ತಿಡಿ, ಆಮೇಲೆ ಡೇರಿಗೆ ಹಾಕಿ. ಇದರಿಂದ ಸಂಘಕ್ಕೆ ನಷ್ಟವಾಗುವುದಿಲ್ಲ.

ಅಣ್ಣಂದಿರಿಗೂ ಒಂದು ಕೆಲಸವಿದೆ. ಪಟ್ಟಿಯನ್ನು ಕ್ಯಾಲೆಂಡರ್ ಪಕ್ಕ ಅಂಟಿಸಿ. ಸಂಜೆ ಮನೆಗೆ ಮೊದಲು ಬಂದವರು ಯಾರೇ ಆಗಲಿ, ಓದಿಕೊಂಡು ಕಾಳು ಬೇಯಲಿಕ್ಕೆ ಇಡಲಿ. ಸೊಪ್ಪು ಬಿಡಿಸಿದರೆ ಮೀಸೆ ಉದುರುವುದಿಲ್ಲ. ಯುಗಾದಿ ಮಾರನೇ ದಿನ ಹತ್ತು ಮನೆಯವರು ದುಡ್ಡು ಹಾಕಿ ಕುರಿ ತಂದು, ತೂಕ ತಪ್ಪದ ಹಾಗೆ ಗುಡ್ಡೆ ಹಾಕಿ ಹಂಚಿಕೊಳ್ಳುವಾಗ ನಿಮ್ಮ ಲೆಕ್ಕ ಎಷ್ಟು ಚೊಕ್ಕಟ! ಅದೇ ಜಾಣತನವನ್ನು ಬೇಳೆ, ಎಣ್ಣೆ, ಮೆಣಸಿನಕಾಯಿಗೂ ತೋರಿಸಿ. ಹತ್ತು ಮನೆಯವರು ಸೇರಿ ಮೂಟೆಗಟ್ಟಲೆ ತಂದು ಹಂಚಿಕೊಂಡರೆ ಅದೂ ಸಹಕಾರವೇ.

ಮುಂದಿನ ಬಟವಾಡೆಯ ದಿನ ಮಕ್ಕಳ ನೋಟ್‌ಬುಕ್ಕಿನಲ್ಲಿ ಒಂದು ಹಾಳೆ ಕೇಳಿ ಪಡೆಯಿರಿ. ಮನೆಯವರೆಲ್ಲ ಕೂತು ಏಳು ಸಾಲು ಬರೆಯಿರಿ. ಒಂದು ತಿಂಗಳು ನಡೆಸಿ, ಅಂಗಡಿ ಉದ್ರಿ ಎಷ್ಟು ಇಳಿಯಿತು ಅಂತ ಮುಂದಿನ ಸಭೆಯಲ್ಲಿ ಹೇಳಿ.